ಟರ್ನರ್ ಸಿಗರೇಟು ಬಿಟ್ಟದ್ದು

ಇಪ್ಪತ್ತಾರು ವರ್ಷ ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ನಿಂತವನನ್ನು ಕಾರ್ಖಾನೆಯಲ್ಲಿ ಎಲ್ಲರೂ ಟರ್ನರ್ ಎಂದೇ ಕರೆಯುತ್ತಿದ್ದರು. ಕಬ್ಬಿಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಬೆರಳಾಡಿಸಿಯೇ ಹೇಳಿಬಿಡುತ್ತಿದ್ದ. ಮಾತು ಕಡಿಮೆ, ಕೋಪ ಮೂಗಿನ ತುದಿಯಲ್ಲೇ, ಸಿಗರೇಟು ದಿನಕ್ಕೆ ಹನ್ನೊಂದು.

ಹೊಸ ಮ್ಯಾನೇಜರ್ ಬಂದ ತಿಂಗಳೇ ಸೇದುವವರೆಲ್ಲರ ಮೊಬೈಲಿಗೆ ಒಂದು ಆ್ಯಪ್ ಹಾಕಿಸಿದ. ಆಸೆಯಾದಾಗ ಅದು ಹೇಳಿದಂತೆ ಉಸಿರೆಳೆದು ಬಿಡಬೇಕು. ತಡೆಯಲಾಗದೆ ಸೇದಿದರೆ ಒಂದು ಗುಂಡಿ ಒತ್ತಬೇಕು. ಒತ್ತಿದ್ದೆಲ್ಲ ಮ್ಯಾನೇಜರನ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು. ವೆಲ್ಡರ್, ಡ್ರೈವರ್ ಎಲ್ಲ ಗೋದಾಮಿನ ಹಿಂದೆ ಸೇದಿ, ಏನೂ ಒತ್ತದೆ ಸುಮ್ಮನಾದರು. ಟರ್ನರ್ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಒತ್ತಿದ. ಆ ಮ್ಯಾನೇಜರನಿಗೆ ಹೆದರಿ ಸುಳ್ಳು ಹೇಳುವಷ್ಟು ತಾನು ಕೆಟ್ಟುಹೋಗಿಲ್ಲ ಎನ್ನುತ್ತಿದ್ದ.

ತಿಂಗಳ ಕೊನೆಗೆ ಸುಳ್ಳರಿಗೆ ಚಪ್ಪಾಳೆ ಬಿತ್ತು. ಟರ್ನರನನ್ನು ಎಲ್ಲರೆದುರು ನಿಲ್ಲಿಸಿದ ಮ್ಯಾನೇಜರ್, ತನ್ನ ಮೇಲೇ ಹಿಡಿತವಿಲ್ಲದವನಿಗೆ ಯಂತ್ರ ಕೊಡುವುದು ಅಪಾಯವೆಂದು ಹೇಳಿ ಪ್ಯಾಕಿಂಗ್ ವಿಭಾಗಕ್ಕೆ ತಳ್ಳಿದ. ವೆಲ್ಡರ್ ನೆಲ ನೋಡುತ್ತ ನಿಂತ.

ಮನೆಯಲ್ಲೂ ಸಮಾಧಾನ ಸಿಗಲಿಲ್ಲ.

“ಇಪ್ಪತ್ತು ವರ್ಷ ನಾನು ಬಡ್ಕೊಂಡೆ, ಕಿವಿಗೇ ಹಾಕ್ಕೊಳ್ಳಲಿಲ್ಲ,” ಎಂದಳು ಹೆಂಡತಿ. “ಈಗ ಯಾವನೋ ಉಗಿದ ಅಂತ ನನ್ನೆದುರು ತಟ್ಟೆ ಕುಕ್ಕಬೇಡಿ.”

ಅವನು ಎದ್ದು ಸಿಗರೇಟಿನ ಪ್ಯಾಕು ಹಿಚುಕಿ ಕಸಕ್ಕೆಸೆದ. ಆ್ಯಪನ್ನೂ ಅಳಿಸಿಹಾಕಿದ.

ಮುಂದಿನ ವಾರಗಳಲ್ಲಿ ಪೆಟ್ಟಿಗೆಗೆ ಟೇಪು ಸುತ್ತುತ್ತ ಕಂಡಕಂಡವರ ಮೇಲೆ ಹರಿಹಾಯ್ದ. ವೆಲ್ಡರನ ಜೊತೆ ಮಾತು ಬಿಟ್ಟ. ಆಸೆ ಗಂಟಲಿಗೆ ಬಂದಾಗಲೆಲ್ಲ ಮ್ಯಾನೇಜರನ ಮುಖ ನೆನೆಯುತ್ತಿದ್ದ. ಮೈ ಉರಿದು ಆಸೆ ಇಳಿಯುತ್ತಿತ್ತು.

ಮೂರು ತಿಂಗಳ ನಂತರ ಕಾರ್ಖಾನೆಗೆ ಡಾಕ್ಟರ್ ಬಂದು, ಆ್ಯಪ್ ಹಾಕಿಸಿಕೊಂಡವರೆಲ್ಲರಿಂದ ಉಸಿರಿನಲ್ಲಿ ಹೊಗೆ ಪತ್ತೆಹಚ್ಚುವ ಕೊಳವೆಯೊಂದಕ್ಕೆ ಊದಿಸಿದರು. ಚಪ್ಪಾಳೆ ಹೊಡೆಸಿಕೊಂಡವರ ಬಣ್ಣ ಬಯಲಾಯಿತು. ಹೊಗೆಯ ಸುಳಿವಿಲ್ಲದೆ ಪಾಸಾದವನು ಟರ್ನರ್ ಒಬ್ಬನೇ.

ಮ್ಯಾನೇಜರ್ ತಾನೇ ಪ್ಯಾಕಿಂಗಿಗೆ ಬಂದು, ನಾಳೆಯಿಂದ ಲೇತಿಗೆ ಹೋಗು ಎಂದ. ತಪ್ಪಾಯಿತು ಎನ್ನಲಿಲ್ಲ. ಬದಲಿಗೆ ಗೋಡೆಗೆ ಹಾಕಲು ಒಂದು ಫೋಟೋ ಕೇಳಿದ. ಆ್ಯಪಿನಿಂದ ಬಿಟ್ಟೆ ಎಂದು ಕೆಳಗೆ ಎರಡು ಸಾಲು ಬರೆಸುತ್ತಾನಂತೆ.

“ನಿಮ್ಮ ಮೇಲಿನ ಸಿಟ್ಟಿಗೆ ಬಿಟ್ಟೆ ಸಾರ್,” ಎಂದ ಟರ್ನರ್. “ಹಾಗಂತ ಬರೀರಿ, ಫೋಟೋ ಕೊಡ್ತೀನಿ.”

ಫೋಟೋ ಗೋಡೆ ಹತ್ತಲಿಲ್ಲ. ಟರ್ನರ್ ಮತ್ತೆ ಸೇದಲೂ ಇಲ್ಲ, ಮ್ಯಾನೇಜರನ ನಮಸ್ಕಾರಕ್ಕೆ ತಲೆ ಎತ್ತಲೂ ಇಲ್ಲ. ಎರಡು ವರ್ಷದ ಮೇಲೆ ವರ್ಗವಾಗಿ ಹೊರಟ ದಿನ ಮ್ಯಾನೇಜರ್ ಲೇತಿನ ಬಳಿ ಬಂದು ಕೈ ಚಾಚಿದ.

“ಕೈಯೆಲ್ಲ ಎಣ್ಣೆ,” ಎಂದು ಟರ್ನರ್ ಯಂತ್ರದ ಕಡೆ ತಿರುಗಿದ.