ದೈವಕ್ಕೆ ಬಿಟ್ಟ ಸಂಬಳ

ಪೆರಾಬೆಯ ಭವಿತಾಳಿಗೆ ಏಳು ತಿಂಗಳ ಸಂಬಳ ಬರಬೇಕು. ಇವತ್ತಿನವರೆಗೆ ಬಂದಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಊರಿನಲ್ಲಿ ಅವಳ ಕತೆ ಹೇಳುವವರೆಲ್ಲ ವಿಮಾನದಿಂದ ಶುರು ಮಾಡುತ್ತಾರೆ, ಬಾಕಿಯ ಹತ್ತಿರ ಬರುವಾಗ ಕೆಮ್ಮುತ್ತಾರೆ.

ಹೋಗುವ ಮೊದಲು ಅವಳು ಕಡಬದ ಹತ್ತಿರ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಟೀಚರು. ಟೀಚರೆಂದರೆ ಬೆಳಿಗ್ಗೆ ಶಾಲೆಯ ವ್ಯಾನಿನಲ್ಲಿ ಮಕ್ಕಳನ್ನು ಕಾಯುವುದು, ವಾಂತಿ ಮಾಡಿಕೊಂಡವರ ಮುಖ ತೊಳೆಸುವುದು, ಫೀಸು ಕಟ್ಟದ ಮನೆಗಳಿಗೆ ಫೋನು ಮಾಡುವುದು, ನಡುವೆ ಪುರುಸೊತ್ತಾದರೆ ಪಾಠ. ತಾಯಿ ಪೂವಮ್ಮ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಹೋಗುವವರು. ಅಪ್ಪ ತೀರಿಕೊಂಡು ವರ್ಷಗಳಾದವು.

ಮೋಕ್ಷಿತ್ ಸಿಕ್ಕಿದ್ದು ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ಪುತ್ತೂರಿನ ಬಸ್ ನಿಲ್ದಾಣದ ಹಿಂದೆ ಅವನದೊಂದು ಆಫೀಸು, ಏಸಿ, ಗೋಡೆಯ ಮೇಲೆ ದೇಶದೇಶದ ಬಾವುಟ. ಇಲ್ಲಿಯ ಹುಡುಗಿಯರನ್ನು ಹೊರದೇಶಕ್ಕೆ ಇಂಗ್ಲಿಷ್ ಕಲಿಸಲು ಕಳಿಸುವುದು ಅವನ ಕಸುಬು. ಅದಕ್ಕಿಂತ ದೊಡ್ಡದೆಂದರೆ ಅವನೂ ಇವರದೇ ಬಳಿಯವನು, ಬೇರೆ ಕಡೆ ಗೋತ್ರ ಅಂತಾರಲ್ಲ ಹಾಗೆ. ಸುಳ್ಯ ಕಡೆಯ ಗೌಡರಲ್ಲಿ ಒಂದೇ ಬಳಿ ಎಂದರೆ ಒಡಹುಟ್ಟಿದವರ ಹಾಗೆ. ಅವರೊಳಗೆ ಮದುವೆ ಇಲ್ಲ. ಬರೆದು ಕೊಡುವ ಪದ್ಧತಿಯೂ ಇಲ್ಲ.

"ಅಣ್ಣ, ಸಂಬಳದ್ದು ಒಂದು ಕಾಗದ ಕೊಡ್ತೀರಾ?" ಎಂದು ಭವಿತಾ ಕೇಳಿದ್ದಳು.

ಪೂವಮ್ಮ ಮಗಳ ತೊಡೆ ಚಿವುಟಿದರು. "ಅಣ್ಣನ ಹತ್ರ ಕಾಗದ ಕೇಳುದಾ? ಎಂತ ಮಾತು ಮಾರಾಯ್ತಿ ನಿಂದು."

"ಇರ್ಲಿ ಚಿಕ್ಕಮ್ಮ, ಈಗಿನ ಮಕ್ಕಳು," ಎಂದು ಮೋಕ್ಷಿತ್ ನಕ್ಕ. ಕಾಗದ ಕೊಡಲಿಲ್ಲ.

ಅವಳು ಹೋದದ್ದು ವಿಯೆಟ್ನಾಮಿಗೆ. ಪ್ರವಾಸಿ ವೀಸಾ. ಆ ವೀಸಾದಲ್ಲಿ ದುಡಿಯುವ ಹಾಗಿಲ್ಲ ಎಂದು ಗೊತ್ತಾದದ್ದು ಅಲ್ಲಿಗೆ ಮುಟ್ಟಿದ ಮೇಲೆ. ಹಾಗಾಗಿ ಬ್ಯಾಂಕಿನಲ್ಲಿ ಖಾತೆ ಇಲ್ಲ. ಊಟಕ್ಕೆ ಬೇಕಾದಷ್ಟು ಕೈಗೆ, ಉಳಿದದ್ದು ಮೋಕ್ಷಿತ್‌ನ ಮೂಲಕ ಮನೆಗೆ ಎಂದು ಮಾತಾಯಿತು.

ಅವಳನ್ನು ಸೇರಿಸಿದ ಇಂಗ್ಲಿಷ್ ಅಕಾಡೆಮಿ ನೋಡಿದರೆ ಕಣ್ಣು ಕುಕ್ಕುವಂಥದ್ದು. ಗಾಜಿನ ಗೋಡೆ, ಮಕ್ಕಳಿಗೆಲ್ಲ ಒಂದೊಂದು ಟ್ಯಾಬು, ತರಗತಿಯ ಎದುರಿಗೆ ಗೋಡೆಯಗಲದ ಪರದೆ. ಪರದೆಯಲ್ಲಿ ಟೀಚರ್ ಕ್ಲಾರಾ, ಚಿನ್ನದ ಬಣ್ಣದ ಕೂದಲಿನ ಬೊಂಬೆ. ಕ್ಲಾರಾ ಮಾತಾಡುತ್ತಾಳೆ, ನಗುತ್ತಾಳೆ, ಹೆಸರು ಹಿಡಿದು ಕರೆಯುತ್ತಾಳೆ. ಮಾತಾಡುವುದು ಮಾತ್ರ ಭವಿತಾ. ಮೇಲಿನ ಮಹಡಿಯಲ್ಲಿ, ಕಿಟಕಿಯಿಲ್ಲದ ಗೂಡಿನಂಥ ಕೋಣೆಯಲ್ಲಿ, ಕಿವಿಗೊಂದು ಹೆಡ್‌ಫೋನು, ಮುಖದೆದುರು ಕ್ಯಾಮರಾ, ಪಕ್ಕದಲ್ಲಿ ಕೆಳಗಿನ ತರಗತಿ ಕಾಣುವ ಸಣ್ಣ ಪರದೆ. ಅವಳು ಬಾಯಿ ತೆರೆದರೆ ಕೆಳಗೆ ಕ್ಲಾರಾ ತೆರೆಯುತ್ತಾಳೆ. ಪೆರಾಬೆಯ ದನಿ ಯಂತ್ರದೊಳಗೆ ಹೊಕ್ಕು ಅಮೆರಿಕದ ದನಿಯಾಗಿ ಹೊರಬರುತ್ತದೆ. ತಂದೆತಾಯಿ ದುಡ್ಡು ಕಟ್ಟುವುದು ಆ ದನಿಗೆ. ಟೀಚರುಗಳು ಮಕ್ಕಳ ಕಣ್ಣಿಗೆ ಬೀಳಬಾರದು ಎಂಬುದು ಅಲ್ಲಿಯ ಮೊದಲ ಕಾನೂನು. ಮೆಟ್ಟಿಲು ಕೂಡ ಬೇರೆ.

ಪಾಠ ಅವಳದ್ದೇ. ಆ ಯಂತ್ರಕ್ಕೆ ಪಾಠ ಮಾಡಲು ಬರುತ್ತಿರಲಿಲ್ಲ. ಯಾರಿಗೆ ಅರ್ಥವಾಗಿಲ್ಲ ಎಂದು ಮುಖ ನೋಡಿ ಹಿಡಿಯುವುದು, ನಾಚುವವರನ್ನು ಹಾಡಿಸಿ ಮಾತಿಗೆ ಎಳೆಯುವುದು, ಅದೆಲ್ಲ ಕಡಬದ ವ್ಯಾನಿನಲ್ಲಿ ಕಲಿತದ್ದು. ಅವಳಿಗೊಂದು ಅಭ್ಯಾಸ, ನಮ್ಮ ಕಡೆಯವರಿಗೆಲ್ಲ ಇರುವಂಥದ್ದೇ. ಏನು ಹೇಳಿದರೂ ಕೊನೆಗೊಂದು "ಆಯ್ತಾ" ಸೇರಿಸುವುದು. ಯಂತ್ರ ದನಿ ತೊಳೆಯಿತು, ಆಯ್ತಾವನ್ನು ತೊಳೆಯಲಾಗಲಿಲ್ಲ. ಮಳೆಗಾಲ ಮುಗಿಯುವಾಗ ಆ ತರಗತಿಯ ಮಕ್ಕಳೆಲ್ಲ ಇಂಗ್ಲಿಷಿನ ಬಾಲಕ್ಕೆ ಆಯ್ತಾ ಕಟ್ಟಿಕೊಂಡು ತಿರುಗುತ್ತಿದ್ದರು.

ಮೊದಮೊದಲು ಮೋಕ್ಷಿತ್ ಪೂವಮ್ಮನಿಗೆ ದುಡ್ಡು ಮುಟ್ಟಿಸಿದ. ಆಮೇಲೆ ನಿಂತಿತು. ಕೇಳಿದರೆ, "ಅಕಾಡೆಮಿಯವರು ಕೊಡ್ಲಿಲ್ಲ ಚಿಕ್ಕಮ್ಮ." ಅಕಾಡೆಮಿಯವರನ್ನು ಕೇಳಿದರೆ, ಏಜೆಂಟನಿಗೆ ಕೊಟ್ಟಾಗಿದೆ.

ಹೀಗಿರುವಾಗ ಒಂದು ಮಧ್ಯಾಹ್ನ ಲಿನ್ ಎಂಬ ಸಣ್ಣ ಹುಡುಗಿ ಪಾಠದ ನಡುವೆ ಬೆಂಚಿನಿಂದ ಬಿದ್ದಳು. ಹಣೆ ಒಡೆಯಿತು. ಕೆಳಗೆ ದೊಡ್ಡವರು ಯಾರೂ ಇಲ್ಲ, ಕಾವಲಿನ ಹೆಂಗಸು ಚಹಾಕ್ಕೆ ಹೋಗಿದ್ದಳು. ಮೇಲೆ ಕೂತ ಭವಿತಾಳಿಗೆ ರಕ್ತ ಕಾಣುತ್ತಿದೆ. ಅವಳು ಗಾಬರಿಯಿಂದ ಕೂಗಿದರೆ ಪರದೆಯ ಕ್ಲಾರಾ ಅದೇ ಸಿಹಿ ದನಿಯಲ್ಲಿ, ಅದೇ ನಗೆಯಲ್ಲಿ ಕೂಗುತ್ತಾಳೆ. ಹೆಡ್‌ಫೋನು ಕಿತ್ತೆಸೆದು ಅವಳು ಕೆಳಗೆ ಓಡಿದಳು.

ಮಕ್ಕಳು ಅವಳನ್ನು ಕಂಡು ಹೆದರಿ ಮೂಲೆಗೆ ಸರಿದರು. ಯಾರೋ ಕಪ್ಪು ಹೆಂಗಸು, ಕಾಲಲ್ಲಿ ಚಪ್ಪಲಿಯಿಲ್ಲ. "ನಾನು ಟೀಚರ್" ಎಂದಳು. ಲಿನ್ ಅಳುತ್ತಲೇ ಪರದೆಯ ಕಡೆಗೆ ಬೆರಳು ತೋರಿಸಿದಳು. ಅಲ್ಲಿ ಕ್ಲಾರಾ ಬಾಯಿ ಮುಚ್ಚಿ ನಿಂತಿದ್ದಳು. ಭವಿತಾ ಶಾಲು ಮಡಚಿ ಹಣೆಗೆ ಒತ್ತಿ ಹಿಡಿದು, "ಅಲುಗಾಡಬೇಡ, ಆಯ್ತಾ" ಎಂದಳು. ಇಂಗ್ಲಿಷಿನಲ್ಲೇ ಹೇಳಿದ್ದು, ಆಯ್ತಾ ಒಂದು ಬಿಟ್ಟು. ಹುಡುಗಿ ಅಳು ನಿಲ್ಲಿಸಿ ಅವಳ ಮುಖ ನೋಡಿದಳು. ಆಮೇಲೆ ಅವಳ ಕೈ ಹಿಡಿದುಕೊಂಡಳು.

ಆ ಹಿಡಿತ ಬಿಡಿಸಿದ್ದು ಮ್ಯಾನೇಜರು. ನಿಯಮ ಮುರಿದದ್ದಕ್ಕೆ ಅದೇ ದಿನ ಕೆಲಸ ಹೋಯಿತು.

ಸುದ್ದಿ ಪೂವಮ್ಮನಿಗೆ ಫೋನಿನಲ್ಲಿ ಬಂತು. ಮಗಳು ಗುರುತಿಲ್ಲದ ದೇಶದಲ್ಲಿ, ಕೆಲಸ ಇಲ್ಲ, ವೀಸಾ ಸರಿಯಿಲ್ಲ. ಪೂವಮ್ಮ ಮರುದಿನವೇ ಕುಟುಂಬದ ದೈವದ ಮನೆಗೆ ಹೋಗಿ, ದೈವದ ಎದುರು ತೆಂಗಿನಕಾಯಿ ಇಟ್ಟು ಹೇಳಿಬಿಟ್ಟರು: "ಮಗಳು ಜೀವದಲ್ಲಿ ಬರ್ಲಿ. ಸಂಬಳದ್ದು ನಿನಗೇ ಬಿಟ್ಟೆ, ನ್ಯಾಯ ನೀನೇ ನೋಡಿಕೊ."

ಮಗಳು ಜೀವದಲ್ಲಿ ಬಂದಳು. ಬಂದವಳು ಪೊಲೀಸಿಗೆ ದೂರು ಕೊಡುತ್ತೇನೆ ಎಂದು ಹೊರಟಳು. ಕುಟುಂಬದ ಯಜಮಾನ ಜತ್ತಪ್ಪಣ್ಣ ದೈವದ ಮನೆಯ ಜಗಲಿಗೆ ಎಲ್ಲರನ್ನೂ ಕರೆಸಿದರು. ಮೋಕ್ಷಿತ್ ಎಲ್ಲರಿಗಿಂತ ಮೊದಲೇ ಬಂದು, ಹಿರಿಯರ ಕಾಲು ಹಿಡಿದು ಕೂತಿದ್ದ.

"ದೈವಕ್ಕೆ ಬಿಟ್ಟ ಮೇಲೆ ಠಾಣೆಗೆ ಹೋಗುವ ಕ್ರಮ ನಮ್ಮಲ್ಲಿಲ್ಲ," ಎಂದರು ಜತ್ತಪ್ಪಣ್ಣ. "ದೈವದ ಮೇಲೆ ನಂಬಿಕೆ ಇಲ್ಲ ಅಂತ ಆಗ್ತದೆ. ನಾಳೆ ಕುಟುಂಬಕ್ಕೆ ಎಂತಾದ್ರೂ ಆದ್ರೆ ಯಾರು ಜವಾಬು?"

"ಬಿಟ್ಟದ್ದು ನಾನಲ್ಲ ದೊಡ್ಡಪ್ಪ. ದುಡಿದದ್ದು ನಾನು."

"ತಾಯಿ ಬಿಟ್ರೆ ನೀನೇ ಬಿಟ್ಟ ಹಾಗೆ."

ಮೋಕ್ಷಿತ್ ಮೆಲ್ಲಗೆ ಬಾಯಿ ಹಾಕಿದ. "ನಾನೂ ದೈವಕ್ಕೇ ಬಿಟ್ಟಿದ್ದೇನೆ ತಂಗಿ. ಮತ್ತೆ ಒಂದು ಮಾತು, ಬೇಜಾರು ಮಾಡ್ಬೇಡ. ನೀನು ಅಲ್ಲಿ ಪಾಠ ಮಾಡಿದ್ದಕ್ಕೆ ಒಂದು ಫೋಟೋ ಉಂಟಾ? ಪಾಠದ ವಿಡಿಯೋ ತುಂಬ ಆ ಬಿಳಿ ಹೆಂಗಸೇ ಇರುದಲ್ವಾ?"

"ಮಕ್ಕಳನ್ನು ಕೇಳಿ ನೋಡಿ. ಅವರ ಬಾಯಲ್ಲಿ ನನ್ನ ಮಾತು ಉಂಟು."

"ಹಾಗಾದ್ರೆ ಆ ಮಕ್ಕಳನ್ನು ಪುತ್ತೂರು ಠಾಣೆಗೆ ಕರ್ಕೊಂಡು ಬಾ," ಎಂದ. ಜಗಲಿಯಲ್ಲಿ ಇಬ್ಬರು ನಕ್ಕರು. ಬಿಟ್ಟದ್ದನ್ನು ವಾಪಸು ಕೇಳುವುದು ಹೇಗೆ ಎಂದು ಪೂವಮ್ಮನಿಗೆ ಯಾರೂ ಕಲಿಸಿರಲಿಲ್ಲ.

ಕಡಬದ ಶಾಲೆಯಲ್ಲಿ ಅವಳ ಜಾಗಕ್ಕೆ ಬೇರೆಯವರು ಬಂದಾಗಿದೆ. ಭವಿತಾ ಈಗ ಉಪ್ಪಿನಂಗಡಿಯ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುತ್ತಾಳೆ. ಎರಡು ಸಲ ದೂರು ಬರೆದುಕೊಂಡು ಪುತ್ತೂರಿನ ತನಕ ಹೋದಳು. ಎರಡು ಸಲವೂ ಠಾಣೆಯ ಗೇಟಿನಿಂದ ತಿರುಗಿ ಬಂದಳು. ಪೊಲೀಸರಿಗೆ ಹೆದರಿ ಅಲ್ಲ. ಇವಳು ದೂರು ಹಿಡಿದು ಹೊರಟರೆ ಅಮ್ಮ ಊಟ ಬಿಟ್ಟು ಮಲಗುತ್ತಾರೆ, ನಾಳೆ ಅವರಿಗೆ ಒಂದು ಜ್ವರ ಬಂದರೂ ಊರು ಅದನ್ನು ಇವಳ ತಲೆಗೆ ಕಟ್ಟುತ್ತದೆ. ಅತ್ತ ಮೋಕ್ಷಿತ್‌ನ ಆಫೀಸಿನಲ್ಲಿ ಮುಂದಿನ ತಂಡದ ಹುಡುಗಿಯರು ಪಾಸ್‌ಪೋರ್ಟ್ ಹಿಡಿದು ಕೂತಿದ್ದಾರೆ. ಕ್ಲಾರಾಳ ಬಾಯಿಗೆ ಹೊಸ ದನಿ ಬೇಕಲ್ಲ.

ಆದ್ದರಿಂದ ಓದುತ್ತಿರುವ ನಿಮಗೇ ಹೇಳುವುದು. ದೈವಕ್ಕೆ ಬಿಟ್ಟದ್ದು ಪೂವಮ್ಮ. ನೀವು ಯಾವ ಕಾಯಿಯನ್ನೂ ಇಟ್ಟಿಲ್ಲ, ಯಾವ ಮಾತನ್ನೂ ಕೊಟ್ಟಿಲ್ಲ. ಕೂಲಿ ನುಂಗಿದವನನ್ನು ಕಾಯುವುದು ದೈವದ ಕೆಲಸ ಎಂದು ನೀವು ನಂಬಿದ್ದರೆ ಸುಮ್ಮನಿರಿ. ನಂಬಿಲ್ಲವಾದರೆ, ಬರುವ ಸೋಮವಾರ ಅಂಗಡಿಗೆ ರಜೆ ದಿನ, ಅವಳು ಮತ್ತೆ ಆ ಗೇಟಿನ ಹತ್ತಿರ ನಿಂತಿರುತ್ತಾಳೆ. ಬನ್ನಿ. ಅವಳ ಕೈಯಿಂದ ಆ ದೂರು ತೆಗೆದುಕೊಳ್ಳಿ, ಕೆಳಗೆ ನಿಮ್ಮ ಹೆಸರು ಬರೆಯಿರಿ, ಒಳಗೆ ಹೋಗಿ ಕೊಡಿ.