ಗೋಡೆಗೆ ಮುಖ ಮಾಡಿದ ಬೈಕು

ಕುಂಯ್ಯಣ್ಣ ತೀರಿಕೊಂಡ ಮೇಲೆ ಅವನ ಕೋಣೆ ಖಾಲಿ ಮಾಡಲು ಹೋದವರಿಗೆ ಮೊದಲು ಕಂಡದ್ದು ಬೈಕು. ಆಸ್ಪತ್ರೆಯ ಬಟ್ಟೆ ಒಗೆಯುವ ಕಟ್ಟಡದ ಹಿಂದೆ, ಅವನ ಕೋಣೆಯ ಪಕ್ಕದ ಸಂದಿಯಲ್ಲಿ, ಮುಂದಿನ ಗಾಲಿಯನ್ನು ಗೋಡೆಗೆ ತಾಗಿಸಿ ನಿಲ್ಲಿಸಿತ್ತು. ನೋಡಿದವರೆಲ್ಲ ತಬ್ಬಿಬ್ಬಾದರು.

"ಬೇರೆ ಯಾರೋ ನಿಲ್ಲಿಸಿರಬೇಕು," ಅಂದ ವಾಚ್‌ಮನ್. "ಸತ್ತರೂ ಅವನು ಹೀಗೆ ನಿಲ್ಲಿಸೋನಲ್ಲ."

ಅಂದ ಮೇಲೆ ತಾನು ಅಂದದ್ದೇನೆಂದು ಹೊಳೆದು ನಾಲಿಗೆ ಕಚ್ಚಿಕೊಂಡ.

ಮೂವತ್ತು ವರ್ಷ ಆ ಆಸ್ಪತ್ರೆಯ ಆಂಬುಲೆನ್ಸ್ ಓಡಿಸಿದವನು ಅವನು. ಒಮ್ಮೆ ಸೈರನ್ ಕೆಟ್ಟಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ಬಾಯಲ್ಲೇ "ಕುಂಯ್ ಕುಂಯ್" ಎಂದು ಕೂಗುತ್ತ ಮಾರುಕಟ್ಟೆ ದಾಟಿದ್ದ. ಅಂದಿನಿಂದ ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು. ಗಾಡಿ ಎಲ್ಲಿ ನಿಲ್ಲಿಸಿದರೂ ಮೊದಲು ಪೂರ್ತಿ ತಿರುಗಿಸಿ, ಅದರ ಮೂತಿಯನ್ನು ಬಂದ ದಾರಿಗೇ ಮಾಡಿ, ಆಮೇಲೆ ಇಳಿಯುವುದು ಅವನ ರೂಢಿ. ಉಸಿರಿಗೆ ಒದ್ದಾಡುವವರನ್ನು ಹೊತ್ತು ತಂದು ಮಲಗಿಸಿದ ಮೇಲೆ ಸಂದಿಯಲ್ಲಿ ಗಾಡಿ ಹಿಂದೆ ಮುಂದೆ ಮಾಡುತ್ತ ಕೂತರೆ ಆದೀತೇ? ಆ ರೂಢಿ ಎಷ್ಟು ಮೈಗೂಡಿತ್ತೆಂದರೆ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳೂ ಬೀದಿಗೆ ಮುಖ ಮಾಡಿರುತ್ತಿದ್ದವು.

"ಮದುವೆಗೆ ಕೂರಿಸಿದ್ರೂ ನೀನು ಬಾಗಿಲ ಕಡೆ ಮುಖ ಮಾಡಿ ಕೂರ್ತಿದ್ದೆ ಕಣೋ," ಎಂದು ಕೆಣಕುತ್ತಿದ್ದ ಔಷಧಿ ಕಿಟಕಿಯ ಕಾಂಪೌಂಡರ್, ಅವನ ಹಳೆಯ ಗೆಳೆಯ. "ಅದಕ್ಕೇ ಯಾರೂ ಹೆಣ್ಣು ಕೊಡಲಿಲ್ಲ."

"ಕೊಟ್ಟಿದ್ರೆ ವಾಪಸ್ ಕರ್ಕೊಂಡು ಹೋಗೋ ಕೆಲಸಾನೂ ನನಗೇ ಬೀಳ್ತಿತ್ತು," ಅನ್ನುತ್ತಿದ್ದ ಇವನು.

ಅವನವರು ಅಂತ ಇದ್ದವಳು ಒಬ್ಬಳೇ ಅಕ್ಕ. ಬೆಟ್ಟಸಾಲಿನ ಆಚೆಗೆ ಮದುವೆಯಾಗಿ ಹೋದವಳು. ಭಾವ ತೀರಿಕೊಂಡಾಗ ಇವನು ಹೋಗಲಿಲ್ಲ, ಡ್ಯೂಟಿ ಇತ್ತು. "ಬೇಸಿಗೆಗೆ ಬರ್ತೀನಕ್ಕಾ" ಅಂದ. ಆ ಬೇಸಿಗೆಗೂ ಹೋಗಲಿಲ್ಲ, ಅದರ ಮರು ಬೇಸಿಗೆಗೂ ಹೋಗಲಿಲ್ಲ.

"ಕಂಡವರು ಕರೆದ್ರೆ ಓಡ್ತೀಯ. ನಿಮ್ಮಕ್ಕ ಕರೆದಾಗ ಮಾತ್ರ ನಿನ್ನ ಗಾಡಿಗೆ ದಾರಿ ಗೊತ್ತಾಗಲ್ಲ. ನಿನ್ನ ಬೇಸಿಗೆ ನೀನೇ ಇಟ್ಕೊ!" ಎಂದು ಅಕ್ಕ ಫೋನಿಟ್ಟಳು. ಆಮೇಲೆ ಇವನ ಕರೆ ಎತ್ತಲೇ ಇಲ್ಲ.

ನಿವೃತ್ತಿಯಾದದ್ದು ಚಳಿಗಾಲದ ಹೊಸ್ತಿಲಲ್ಲಿ. ಇರುವಷ್ಟು ಕಾಲ ಕೋಣೆ ಅವನಿಗೇ ಅಂದರು ಆಸ್ಪತ್ರೆಯವರು. ಮರುವಾರವೇ ಹಳೆಯ ಬೈಕೊಂದಕ್ಕೆ ಹೊಸ ಟೈರು ಹಾಕಿಸಿ ಹೊರಟು ನಿಂತ. ದಾರಿಯಲ್ಲಿ ಮೂರು ಘಾಟಿಗಳು. ಕೊನೆಯದು ಎಲ್ಲಕ್ಕಿಂತ ಎತ್ತರ, ಹಿಮ ಬಿದ್ದರೆ ಮತ್ತೆ ಬೇಸಿಗೆಗೇ ತೆರೆಯುವುದು.

"ಬಸ್ಸಿಗಾದ್ರೂ ಹೋಗೋ ಮಾರಾಯ," ಅಂದ ಕಾಂಪೌಂಡರ್.

"ಬೇರೆಯವರು ಓಡಿಸೋ ಗಾಡೀಲಿ ಕೂತ್ರೆ ನಾನೇ ಪೇಷಂಟ್ ಅನ್ಸುತ್ತೆ."

"ಹಾಗಾದ್ರೆ ಬೇಸಿಗೆ ಬರಲಿ."

"ಆ ಮಾತು ಮಾತ್ರ ಎತ್ತಬೇಡ."

ಮೊದಲ ಎರಡು ಘಾಟಿ ಸಲೀಸಾಗಿ ದಾಟಿದ. ಬೆನ್ನ ಹಿಂದೆ ನರಳಾಟವಿಲ್ಲದೆ ಗಾಡಿ ಓಡಿಸುವುದೇ ಅವನಿಗೆ ಹೊಸದು. ಹೊಂಡ ಬಂದಾಗಲೆಲ್ಲ "ಸ್ವಲ್ಪ ತಡ್ಕೊಳ್ಳಿ, ಬಂದೇಬಿಡ್ತು" ಎಂದು ಖಾಲಿ ಸೀಟಿಗೆ ಸಮಾಧಾನ ಹೇಳಿದ. ಆಮೇಲೆ ತನ್ನಷ್ಟಕ್ಕೆ ನಕ್ಕ.

ಮೂರನೆಯ ಘಾಟಿಯ ಬುಡದಲ್ಲಿ ತಗಡಿನ ಮಾಡಿನ ಒಂದು ಚಹಾ ಅಂಗಡಿ. ನಡೆಸುವವಳು ನಡುವಯಸ್ಸಿನ ಹೆಂಗಸು. ಮೊಟ್ಟೆ ಹುರಿದು ಕೊಡುತ್ತ, "ನಾಳೆ ಮಧ್ಯಾಹ್ನ ಘಾಟಿಯ ಗೇಟು ಹಾಕ್ತಾರೆ ಯಜಮಾನ್ರೇ. ದಾಟೋದಿದ್ರೆ ಇವತ್ತೇ ದಾಟಿ. ನಾನೂ ನಾಳೆ ಬೀಗ ಜಡಿದು ಇಳೀತೀನಿ," ಅಂದಳು.

ಏರು ಶುರುವಾಯಿತು. ಒಂದು ತಿರುವಿನಲ್ಲಿ ಲಾರಿಯೊಂದು ಚಕ್ರ ಮೇಲೆ ಮಾಡಿ ಬಿದ್ದಿತ್ತು. ಮೇಲೇರಿದಂತೆ ಇಂಜಿನ್ನಿಗೂ ಅವನಿಗೂ ಒಟ್ಟಿಗೇ ಉಸಿರು ಕಡಿಮೆಯಾಯಿತು. ತಲೆಯೊಳಗೆ ಯಾರೋ ಹತ್ತಿ ತುರುಕಿದ ಹಾಗೆ. ನೆತ್ತಿ ತಲುಪಿದಾಗ ಎತ್ತರ ಬರೆದ ಹಳದಿ ಹಲಗೆ ಬಿಟ್ಟರೆ ಏನೂ ಕಾಣದಷ್ಟು ಮಂಜು. ಬೆರಳುಗಳಲ್ಲಿ ಜೀವವಿರಲಿಲ್ಲ. ಬೈಕು ನಿಲ್ಲಿಸಿ, ಹಲಗೆಯ ಮರೆಗೆ ಕುಕ್ಕರಗಾಲಲ್ಲಿ ಕೂತು, ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಅಕ್ಕನಿಗೆ ಹೇಳಬೇಕಾದ ಮಾತು ಜೋಡಿಸಿದ. 'ತಪ್ಪಾಯ್ತಕ್ಕಾ' ಅಂದರೆ ತೀರಾ ಸಣ್ಣದಾಯಿತು. 'ಡ್ಯೂಟಿ ಇತ್ತು' ಅಂದರೆ ಬಾಗಿಲು ಮುಖಕ್ಕೇ ಬಡಿಯುತ್ತದೆ. ಏನೂ ಹೊಂದಲಿಲ್ಲ. ಎದ್ದು, ಬೈಕಿನ ಮೂತಿ ಇದ್ದ ಕಡೆಗೆ ಹೊರಟ.

ಇಳಿಜಾರು ಬಂತು. ದಾಟಿಬಿಟ್ಟೆ ಎಂದು ಎದೆ ಹಗುರವಾಯಿತು. ಒಂದು ತಿರುವಿನಲ್ಲಿ ಲಾರಿಯೊಂದು ಚಕ್ರ ಮೇಲೆ ಮಾಡಿ ಬಿದ್ದಿತ್ತು. 'ಅಯ್ಯೋ, ಈ ಕಡೆಯೂ ಒಂದು ಬಿದ್ದಿದೆಯಲ್ಲ' ಎಂದು ಮರುಗಿದ. ಕೆಳಗೆ ತಗಡಿನ ಮಾಡು, ಅದರಿಂದ ಹೊಗೆ. ಈ ಕಡೆಯವರಿಗೂ ಅಂಗಡಿ ಬೇಕಲ್ಲ, ಇರುತ್ತದೆ ಅಂದುಕೊಂಡು ಇಳಿದ. ಒಲೆಯ ಮುಂದಿನ ಹೆಂಗಸು ಅವನನ್ನೇ ನೋಡುತ್ತಿದ್ದಳು.

"ಏನಾದ್ರೂ ಮರೆತು ಹೋಗಿದ್ರಾ ಯಜಮಾನ್ರೇ?"

"ಆ ಕಡೆ ಅಂಗಡೀಲಿರೋರು ನಿಮ್ಮಕ್ಕನೋ ತಂಗಿಯೋ ಇರಬೇಕು," ಅಂದ ಕುಂಯ್ಯಣ್ಣ. "ಅಚ್ಚು ಹೊಡೆದ ಹಾಗೇ ಇದೀರ."

"ಯಾವ ಕಡೆ?"

"ಘಾಟಿಯ ಆ ಕಡೆ. ಬೆಳಿಗ್ಗೆ ಮೊಟ್ಟೆ ತಿಂದೆನಲ್ಲ."

"ಮೊಟ್ಟೆ ಹುರಿದು ಕೊಟ್ಟಿದ್ದು ನಾನೇ."

"ನೀವು ಈ ಕಡೆ ಯಾವಾಗ ಬಂದ್ರಿ?"

ಅವಳು ಸೌಟು ಕೆಳಗಿಟ್ಟಳು. "ನಾನು ಎಲ್ಲಿಗೂ ಹೋಗಿಲ್ಲ, ನೀವೂ ಎಲ್ಲಿಗೂ ಹೋಗಿಲ್ಲ. ಮೊದಲು ಕೂತ್ಕೊಳ್ಳಿ. ಬೆಲ್ಲ ಹಾಕಿ ಬಿಸಿನೀರು ಕೊಡ್ತೀನಿ. ಆ ಗಾಳಿ ಎಂಥೆಂಥವರಿಗೋ ಮಂಕು ಹಿಡಿಸಿದೆ."

ಬಿಸಿನೀರಿನ ಲೋಟ ಹಿಡಿದು ಅವನು ಹೊರಗೆ ನೋಡಿದ. ಬೈಕು ಆಗಲೇ ತಿರುಗಿ, ಬೆಟ್ಟಕ್ಕೆ ಮುಖ ಮಾಡಿ ನಿಂತಿತ್ತು. ತಿರುಗಿಸಿದ್ದು ನೆನಪಿಗೇ ಬರಲಿಲ್ಲ. ಆಗ ತಿಳಿಯಿತು: ನೆತ್ತಿಯಲ್ಲೂ ಇದನ್ನೇ ಮಾಡಿದ್ದಾನೆ. ಇಳಿಯುವ ಮೊದಲು ಕೈ ತನ್ನ ಪಾಡಿಗೆ ತಾನು ಬೈಕನ್ನು ಬಂದ ದಾರಿಗೆ ತಿರುಗಿಸಿದೆ.

ತಿಳಿದರೂ ತಿಳಿದಂತಾಗಲಿಲ್ಲ. ರೂಢಿಯಿಂದ ತಿರುಗಿಸಿದ್ದೋ, ಅಕ್ಕನ ಮುಖ ನೋಡಲು ಹೆದರಿ ತಿರುಗಿಸಿದ್ದೋ? ಆ ಲಾರಿಯನ್ನು ನೋಡಿಯೂ ಗುರುತು ಹಿಡಿಯಲಿಲ್ಲವೇ, ಹಿಡಿಯಬಾರದೆಂದುಕೊಂಡನೇ? ಎಷ್ಟೋ ತಿಂಗಳ ಮೇಲೆ ಆಸ್ಪತ್ರೆಯ ಕೋಣೆಗೆ ಮರಳಿದಾಗ ಕಾಂಪೌಂಡರನಿಗೂ ಇದನ್ನೇ ಕೇಳಿದ: "ಕೈ ತಿರುಗಿಸ್ತೋ, ನಾನೇ ತಿರುಗಿಸಿದೆನೋ, ನೀನೇ ಹೇಳು."

"ನಿನ್ನ ಕೈಗೆ ನಿನಗಿಂತ ಬುದ್ಧಿ ಜಾಸ್ತಿ. ಅದನ್ನೇ ಕೇಳು ಹೋಗು," ಎಂದಿದ್ದ ಗೆಳೆಯ, ಮಾತ್ರೆ ಕತ್ತರಿಸುತ್ತ. ಈಗ ಕೇಳೋಣವೆಂದರೆ ಆ ಕೈಗಳಿಲ್ಲ.

ಆ ದಿನ ಹೊತ್ತು ಮೀರಿತ್ತು. ಅಂಗಡಿಯ ಬೆಂಚಿನ ಮೇಲೆ ಮಲಗಿ, ಬೆಳಗಾಗುತ್ತಲೇ ಎದ್ದ. ಇನ್ನು ಮಧ್ಯಾಹ್ನದವರೆಗೆ ಮಾತ್ರ ದಾರಿ. ತಪ್ಪಿದರೆ ಮತ್ತೊಂದು ಬೇಸಿಗೆ, ಆ ಮಾತನ್ನು ಅಕ್ಕ ಇನ್ನು ಕೇಳಲಾರಳು.

"ಮೇಲೆ ಇಳೀಬೇಡಿ," ಎಂದು ಹೆಂಗಸು ಬುದ್ಧಿ ಹೇಳಿ ಕಳಿಸಿದಳು. "ಏನೇ ಆದ್ರೂ ಕಾಲು ಕೆಳಗಿಡಬೇಡಿ. ಮತ್ತೆ ಬಂದ್ರೆ ಮೊಟ್ಟೆ ಇಲ್ಲ, ಹೇಳಿರ್ತೀನಿ."

ಲಾರಿ ಹಾದುಹೋಯಿತು. "ಇದು ಈ ಕಡೇದು, ಇದು ಈ ಕಡೇದು" ಎಂದು ಗಟ್ಟಿಯಾಗಿ ಹೇಳಿಕೊಂಡ. ನೆತ್ತಿಯಲ್ಲಿ ಮತ್ತದೇ ಮಂಜು, ಹಿಮದ ಹುಡಿಯೂ ಜೊತೆಗೆ. ಬೆರಳು ಮರಗಟ್ಟಿದವು. ನಿಲ್ಲಿಸು ನಿಲ್ಲಿಸು ಎಂದು ಮೈಯೆಲ್ಲ ಬೇಡಿತು. ಹಳದಿ ಹಲಗೆ ಎಡಕ್ಕೆ ಬಂತು, ಹಿಂದಾಯಿತು. "ಸ್ವಲ್ಪ ತಡ್ಕೊಳ್ಳಿ, ಬಂದೇಬಿಡ್ತು," ಅಂದ. ಈ ಸಲ ಯಾರಿಗೆ ಹೇಳಿದ್ದೆಂದು ಅವನಿಗೆ ಗೊತ್ತಿತ್ತು. ಇಳಿಜಾರಿನಲ್ಲಿ ಲಾರಿ ಸಿಗಲಿಲ್ಲ. ಕಂಡರಿಯದ ಒಂದು ಹೊಳೆ ಸಿಕ್ಕಿತು. ಅದನ್ನೂ ನಂಬದೆ, ಎದುರು ಬಂದ ಕುರಿ ಕಾಯುವವನನ್ನು, "ಇದು ಯಾವ ಕಡೆ ಅಣ್ಣಾ?" ಎಂದು ಕೇಳಿದ. ಅವನು ಇವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕೆಳಗಡೆ," ಅಂದ.

ಅಕ್ಕನ ಮನೆ ಓಣಿಯ ಕೊನೆಯಲ್ಲಿತ್ತು. ಮುಂದೆ ಕಲ್ಲುಗೋಡೆಯ ಇಕ್ಕಟ್ಟಾದ ಅಂಗಳ. ಬೈಕಿನ ಸದ್ದಿಗೆ ಬಾಗಿಲು ತೆರೆಯಿತು. ತಲೆ ಪೂರಾ ಬೆಳ್ಳಗಾಗಿದ್ದ ಅಕ್ಕ ಒದ್ದೆ ಕೈ ಸೆರಗಿಗೆ ಒರೆಸುತ್ತ ಹೊಸ್ತಿಲಲ್ಲಿ ನಿಂತಳು. ಇವನು ಜೋಡಿಸಿದ್ದ ಮಾತೆಲ್ಲ ಮರೆತ. ಹಿಂದೆ ಮುಂದೆ ಮಾಡಿ, ಬೈಕು ತಿರುಗಿಸಿ, ಮೂತಿ ಓಣಿಗೆ ಮಾಡಿ, ಸ್ಟ್ಯಾಂಡು ಹಾಕಿ ಇಳಿದ.

ಅಕ್ಕ ಅವನನ್ನು ನೋಡಲಿಲ್ಲ, ಬೈಕನ್ನು ನೋಡಿದಳು.

"ಬಂದ ಗಳಿಗೆಗೇ ಹೊರಡೋಕೆ ನಿಂತೆಯೇನೋ?"

ಅವನು ಬೈಕು ನೋಡಿದ, ತನ್ನ ಕೈ ನೋಡಿಕೊಂಡ. ಸ್ಟ್ಯಾಂಡು ತೆಗೆದು ತಿರುಗಿಸಲು ಹೋದರೆ ಅಂಗಳ ಏರು, ತೋಳಿನಲ್ಲಿ ಕಸುವಿಲ್ಲ. ಬೈಕು ಅರ್ಧಕ್ಕೆ ನಿಂತು ಹಿಂದಕ್ಕೆ ಜಾರತೊಡಗಿತು. ಅಕ್ಕ ನೋಡಿದಳು, ನೋಡಿದಳು. ಆಮೇಲೆ ಮೆಟ್ಟಿಲಿಳಿದು ಬಂದು ಹಿಂದಿನ ಕ್ಯಾರಿಯರಿಗೆ ಎರಡೂ ಕೈ ಕೊಟ್ಟಳು.

"ತಳ್ಳೋ ಪುಟ್ಟಾ, ನೋಡ್ತಾ ನಿಂತಿದೀಯಲ್ಲ."

ಮುಂದಿನ ಗಾಲಿ ಗೋಡೆಗೆ ತಾಗಿ ನಿಂತಿತು.

"ಹಾಂ. ಈಗ ಒಳಗೆ ಬಾ."