ಜೂನ್ ಒಂದರಂದು ಹುಟ್ಟಿದ ಅಕ್ಕ-ತಂಗಿ

ಅಂಕೋಲೆ ಬಳಿಯ ನಮ್ಮ ಕಡಲಂಚಿನ ಊರಿನಲ್ಲಿ ಅರವತ್ತು ದಾಟಿದವರೆಲ್ಲ ಹುಟ್ಟಿದ್ದು ಜೂನ್ ಒಂದರಂದು. ಬೇರೆ ದಿನಗಳಲ್ಲಿ ಇಲ್ಲಿ ಹೆರಿಗೆಯೇ ಆಗುತ್ತಿರಲಿಲ್ಲವೇನೋ ಎಂದು ಹೊರಗಿನವರು ಅಂದುಕೊಳ್ಳಬೇಕು. ಶಾಲೆಗೆ ಸೇರಿಸುವಾಗ ಮಾಸ್ತರರು ಹುಟ್ಟಿದ ದಿನ ಕೇಳಿದರೆ ನಮ್ಮವರು "ಬಂಗಡೆ ಮೀನು ರಾಶಿ ಬಿದ್ದಿತ್ತಲ್ಲ, ಆ ವರ್ಷ" ಅನ್ನುತ್ತಿದ್ದರಂತೆ. ಮಾಸ್ತರರು ಮಗುವನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ವರ್ಷವನ್ನು ತಾವೇ ಅಂದಾಜು ಮಾಡಿ, ಜೂನ್ ಒಂದು ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಆ ತಾರೀಖು ಅಲ್ಲಿಂದ ರೇಷನ್ ಕಾರ್ಡಿಗೆ, ಆಮೇಲೆ ಆಧಾರಿಗೆ, ಕೊನೆಗೆ ನಾನು ಬರೆದ ಆ್ಯಪಿಗೂ ಬಂತು.

ನಾನು ಕಾರವಾರದಲ್ಲಿ ಬಾಡಿಗೆಯ ಕೋಣೆಯೊಂದರಲ್ಲಿ ಕೂತು ಮೊಬೈಲ್ ಆ್ಯಪ್ ಬರೆಯುವವಳು. ಊರಿನಲ್ಲಿ ಮೀನು ಮಾರುವ ನನ್ನ ಆಯಿ, ಮಗಳು ಏನು ಮಾಡುತ್ತಾಳೆಂದು ಕೇಳಿದವರಿಗೆ "ಮೊಬೈಲ್ ರಿಪೇರಿ" ಎಂದು ಹೇಳುತ್ತಾಳೆ. ಅದನ್ನು ತಿದ್ದುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು.

ಮೀನು ಮಾರುವ ಹೆಂಗಸರ ಸಂಘಕ್ಕೆ ಸದಸ್ಯರ ವಿವರ ಇಡಲು ಒಂದು ಆ್ಯಪ್ ಮಾಡಿಕೊಟ್ಟಿದ್ದೆ. ಹೊಸ ಮಾರ್ಕೆಟ್ ಕಟ್ಟಡ ಏಳುತ್ತಿದ್ದಂತೆ ಸಂಘದ ಅಧ್ಯಕ್ಷೆ ಫೋನು ಮಾಡಿ, ಯಾರಿಗೆ ಯಾವ ಕಟ್ಟೆ ಎಂಬುದನ್ನೂ ಅದೇ ಹೇಳುವಂತೆ ಮಾಡು ಎಂದಳು. ನಮ್ಮಲ್ಲಿ ಇದಕ್ಕೆ ಹಳೆಯ ಪದ್ಧತಿಯಿದೆ. ಬಾಗಿಲ ಬಳಿಯ ಜಾಗ ಎಲ್ಲರಿಗಿಂತ ಹಿರಿಯಳದು, ಉಳಿದವರು ವಯಸ್ಸಿನ ಪ್ರಕಾರ ಒಳಗೊಳಗೆ. ಹಳೆಯ ಮಾರ್ಕೆಟ್ಟಿನ ಬಾಗಿಲಲ್ಲಿ ಕೂರುತ್ತಿದ್ದವಳು ದೊಡ್ಡಾಯಿ, ಅಂದರೆ ಆಯಿಯ ಅಕ್ಕ. ಅವಳ ಪಕ್ಕಕ್ಕೇ ಆಯಿ. ಗಿರಾಕಿಗಳು ಒಬ್ಬಳ ಬುಟ್ಟಿಯಿಂದ ತಪ್ಪಿಸಿಕೊಂಡರೆ ಇನ್ನೊಬ್ಬಳ ಬಾಯಿಗೆ ಸಿಗುತ್ತಿದ್ದರು.

ತಾರೀಖುಗಳ ಪಟ್ಟಿಯನ್ನು ಸಾರ್ಟ್ ಮಾಡುವುದು, ಅಂದರೆ ಹಳೆಯದು ಮೊದಲು ಹೊಸದು ಆಮೇಲೆ ಬರುವಂತೆ ಜೋಡಿಸುವುದು, ನಮ್ಮ ಕಸುಬಿನಲ್ಲಿ ಒಂದು ಸಾಲಿನ ಕೆಲಸ. ಹೊಸಬರು ತಾರೀಖನ್ನು ಬರಿಯ ಅಕ್ಷರಗಳಂತೆ ಇಟ್ಟು, ಹತ್ತನೇ ತಾರೀಖು ಎರಡನೇ ತಾರೀಖಿಗಿಂತ ಮೊದಲು ಬಂದು ಕೂತದ್ದು ನೋಡಿ ತಲೆ ಚಚ್ಚಿಕೊಳ್ಳುತ್ತಾರೆ. ನಾನು ಅಂಥವಳಲ್ಲ ಎಂಬ ಜಂಬ ನನಗಿತ್ತು. ಸಿದ್ಧವಾಗಿ ಸಿಗುವ ಸಾರ್ಟನ್ನೇ ಬಳಸಿದೆ. ಅದು ಎರಡೆರಡು ತಾರೀಖು ಹಿಡಿದು ಇವೆರಡರಲ್ಲಿ ಯಾವುದು ಹಿಂದಿನದು ಎಂದು ನೋಡುತ್ತದೆ. ಎರಡೂ ಒಂದೇ ಆದರೆ ಯಾರು ಮುಂದೆ ಯಾರು ಹಿಂದೆ ಎಂಬುದನ್ನು ತಲೆಗೇ ಹಚ್ಚಿಕೊಳ್ಳುವುದಿಲ್ಲ. ಪಟ್ಟಿ ಚಿಕ್ಕದಿದ್ದರೆ ಅಂಥವರು ಇದ್ದಲ್ಲೇ ಇರುತ್ತಾರೆ. ಪಟ್ಟಿ ಬೆಳೆದರೆ ಹೇಗೆ ಬೇಕಾದರೂ ಹಿಂದುಮುಂದಾಗಬಹುದು. ನಾನು ಪರೀಕ್ಷೆ ಮಾಡಿದ್ದು ನಮ್ಮ ಕೇರಿಯ ಏಳೆಂಟು ಹೆಸರು ಹಾಕಿ, ಆಗ ಎಲ್ಲ ಸರಿಯಾಗಿಯೇ ಕೂತಿತ್ತು.

ಕಟ್ಟೆ ಹಂಚುವ ದಿನ ಅಧ್ಯಕ್ಷೆ ಎಲ್ಲರ ಎದುರು ಫೋನು ನೋಡಿ ಓದಿದಳಂತೆ. ಬಾಗಿಲ ಕಟ್ಟೆ ಆಯಿಗೆ. ಆಮೇಲೆ ಅದೇ ವರ್ಷದ ಜೂನ್ ಒಂದರ ಮೂವರು. ಅದೇ ತಾರೀಖಿನ ದೊಡ್ಡಾಯಿ ಐದನೆಯವಳು. ದೊಡ್ಡಾಯಿ ಬುಟ್ಟಿ ತಲೆಗೇರಿಸಿಕೊಂಡು ಎದ್ದು ಹೋದಳು. ಮರುದಿನದಿಂದ ಮಾರ್ಕೆಟ್ಟಿನ ಕಡೆ ತಲೆಯನ್ನೂ ಹಾಕದೆ ಮನೆಮನೆಗೆ ತಾರ್ಲೆ ಮೀನು ಮಾರತೊಡಗಿದಳು. ತಂಗಿಯ ಮನೆಯೊಂದನ್ನು ಬಿಟ್ಟು.

ಆಯಿ ಫೋನು ಮಾಡಿದಳು. "ನಿನ್ನ ಮೊಬೈಲು ನನ್ನನ್ನೇ ಅಕ್ಕನಿಗೆ ಅಕ್ಕ ಮಾಡಿ ಕೂರ್ಸಿದೆ. ಅವಳು ನನ್ನ ಹತ್ರ ಮಾತು ಬಿಟ್ಟಿದ್ದಾಳೆ. ನೀ ಬಂದು ಸರಿ ಮಾಡು." ದನಿಯಲ್ಲಿ ದುಃಖವಿತ್ತು, ಸುಳ್ಳು ಹೇಳಬಾರದು, ಸ್ವಲ್ಪ ಗತ್ತೂ ಇತ್ತು. ಜೀವಮಾನದಲ್ಲಿ ಮೊದಲ ಸಲ ಅವಳು ಅಕ್ಕನಿಗೂ ಹಿರಿಯಳಾಗಿದ್ದಳು.

ನಾನು ಬಸ್ಸು ಹತ್ತಿದೆ. ತಾರೀಖು ಉಪಯೋಗಕ್ಕೆ ಬಾರದಿದ್ದರೆ ಬೇಡ, ಇಬ್ಬಿಬ್ಬರನ್ನು ಹಿಡಿದು ಯಾರು ದೊಡ್ಡವರು ಎಂದು ಕೇಳಿದರಾಯಿತು, ಸಾರ್ಟಿಗೆ ಬೇಕಾದದ್ದೂ ಅಷ್ಟೇ ಎಂದು ದಾರಿಯುದ್ದಕ್ಕೂ ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ. ಮಾರ್ಕೆಟ್ಟಿಗೆ ಹೋಗಿ ನಡುವಿನ ಆ ಮೂವರನ್ನು ಕೇಳಿದೆ. ಮೊದಲನೆಯವಳು ಎರಡನೆಯವಳಿಗಿಂತ ದೊಡ್ಡವಳು. ಎರಡನೆಯವಳು ಮೂರನೆಯವಳನ್ನು ಎತ್ತಿ ಆಡಿಸಿದವಳು. ಮೂರನೆಯವಳು ಮೀನು ಸೀಳುತ್ತಲೇ ಹೇಳಿದಳು, "ಆ ಮೊದಲನೆಯವಳು ಹುಟ್ದಾಗ ಬೆಲ್ಲ ಹಂಚಿದ್ದೇ ನಾನು, ತಂಗೀ." ಹೀಗೆ ಮೂವರೂ ಒಬ್ಬರಿಗೊಬ್ಬರು ಅಕ್ಕಂದಿರು. ಇವರನ್ನು ಸಾಲಾಗಿ ನಿಲ್ಲಿಸುವ ಕಂಪ್ಯೂಟರ್ ಇನ್ನೂ ಹುಟ್ಟಿಲ್ಲ. ಕೊನೆಗೆ ನಲ್ಲಿಯ ಹತ್ತಿರದ ಕಟ್ಟೆ ಸಿಗುವುದಾದರೆ ತಾನು ಕಿರಿಯಳೇ ಸೈ ಎಂದು ಒಬ್ಬಳು ದೊಡ್ಡ ಮನಸ್ಸು ಮಾಡಿದಳು.

ಉಳಿದದ್ದು ದೊಡ್ಡಾಯಿ. ಆಯಿಯನ್ನೂ ಎಳೆದುಕೊಂಡು ಅವಳ ಮನೆಗೆ ಹೋದೆ. ಜಗಲಿಯಲ್ಲಿ ಕೂತಿದ್ದವಳು ನನಗೆ ಮಣೆ ಕೊಟ್ಟಳು, ತಂಗಿಗೆ ಕೊಡಲಿಲ್ಲ. ತಾರೀಖು ಒಂದೇ ಇದ್ದದ್ದರಿಂದ ಹೀಗಾಯಿತು, ಬೇಕೆಂದು ಮಾಡಿದ್ದಲ್ಲ ಎಂದು ನಾನು ಬಿಡಿಸಿ ಹೇಳಿದೆ.

"ಒಂದೇ ಎಂತಕ್ಕಾಯ್ತು, ಅದು ಗೊತ್ತುಂಟಾ ನಿನ್ನ ಮೊಬೈಲಿಗೆ?" ಎಂದಳು ದೊಡ್ಡಾಯಿ.

ಆಯಿ ನಿಂತಲ್ಲಿಂದಲೇ, "ನೀನು ನಪಾಸಾಗಿ ನನ್ನ ಕ್ಲಾಸಿಗೆ ಬಂದಿದ್ಯಲ್ಲ, ಅದಕ್ಕೆ ಮಾಸ್ತರು ಹಾಂಗೆ ಬರ್ದದ್ದು" ಎಂದಳು.

ದೊಡ್ಡಾಯಿ ಅವಳತ್ತ ನೋಡಲಿಲ್ಲ, ನನಗೇ ಹೇಳಿದಳು. "ನನ್ನ ಶಾಲೆಗೆ ಹಾಕೋ ವರ್ಷ ಇವಳಿನ್ನೂ ಸಣ್ಣದು. ನಿನ್ನ ಅಜ್ಜಿ ಬೆಳಿಗ್ಗೆ ಬುಟ್ಟಿ ಹೊತ್ತು ಹೋದ್ರೆ ಇವಳ ನೋಡೋರು ಯಾರು? ನೀನು ಮನೇಲಿರು, ಇವಳು ದೊಡ್ಡಾದ ಮೇಲೆ ಇಬ್ರೂ ಒಟ್ಟಿಗೆ ಹೋಗಿ ಅಂದ್ರು. ಎರಡು ವರ್ಷ ಇವಳ ಸೊಂಟದ ಮೇಲೆ ಹೊತ್ತೆ. ಆಮೇಲೆ ಒಂದೇ ದಿನ ಇಬ್ರ ಹೆಸ್ರೂ ಹಚ್ಚಿದ್ರು. ಊಟ ಕಮ್ಮಿ, ನಾ ಇವಳಷ್ಟೇ ಎತ್ತರ ಇದ್ದೆ. ಮಾಸ್ತರು ಇಬ್ರಿಗೂ ಒಂದೇ ತಾರೀಖು ಬರ್ದ್ರು."

ಆಯಿ ಮಣೆಯಿಲ್ಲದ ನೆಲದ ಮೇಲೇ ಅಕ್ಕನ ಎದುರು ಕೂತಳು. "ಹೇಳೂಕೆ ಎಂತಾಗಿತ್ತು ನಿಂಗೆ? ನೀನು ದಡ್ಡಿ ಅಂತ ನಾ ಕೇರಿಗೆಲ್ಲ ಹೇಳ್ತಾ ಬಂದ್ನಲ್ಲ."

"ಹೇಳಿದ್ರೆ ನೀ ಶಾಲೆಲಿ ನನ್ನ ಮುಂದೆ ಕುಣೀತಾ ಓದ್ತಿದ್ಯ? ಮುಖ ಸಣ್ಣ ಮಾಡ್ಕಂಡು ಕೂತಿರ್ತಿದ್ದಿ" ಎಂದಳು ದೊಡ್ಡಾಯಿ. ಅವಳ ಸಿಟ್ಟು ಅಲ್ಲಿಗೆ ಅರ್ಧ ಇಳಿದಿತ್ತು.

ಆಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಫೋನು ಹೊರತೆಗೆದೆ. ತಾರೀಖು ಸಮವಾದರೆ ನೋಡಲು ಇನ್ನೊಂದು ಅಂಕಣ ಸೇರಿಸುತ್ತೇನೆ, ಮುಂದಿನ ವಾರದೊಳಗೆ ಸರಿಹೋಗುತ್ತದೆ ಎಂದು ಏನೇನೋ ಹೇಳತೊಡಗಿದೆ. ಆಯಿ ನನ್ನ ಮಾತನ್ನು ಅರ್ಧಕ್ಕೇ ತಡೆದಳು.

"ಆ ಅಂಕಣ ಗಿಂಕಣ ನಂಗೆ ಗೊತ್ತಿಲ್ಲ. ಅಕ್ಕನ ಎರಡು ವರ್ಷ ಅಕ್ಕನಿಗೆ ವಾಪಸ್ ಕೊಡು. ಈಗಲೇ."

ಆಧಾರಿನಲ್ಲಿ ಅದು ನನ್ನಿಂದಾಗದ ಕೆಲಸ. ಆ್ಯಪಿನಲ್ಲಿ ಆಗುತ್ತಿತ್ತು, ಅದೇ ಜಗಲಿಯಲ್ಲಿ ಕೂತು ದೊಡ್ಡಾಯಿಯ ಹುಟ್ಟನ್ನು ಎರಡು ವರ್ಷ ಹಿಂದೆ ಸರಿಸಿ ಕೊಟ್ಟೆ.